ಜರ್ಮನಿಯ ಪಟ್ಟಿಯಿಂದ ಹದಿನಾಲ್ಕು ಲಕ್ಷ ಜನ ಮಾಯವಾದದ್ದು ಹೇಗೆ?

2024ರ ಜೂನ್ 25ರಂದು ಜರ್ಮನಿಯ ಜನಗಣತಿಯ ಫಲಿತಾಂಶ ಹೊರಬಿತ್ತು. ಎಣಿಕೆಗೆ ಹಿಡಿದ ದಿನ 2022ರ ಮೇ 15. ಆ ದಿನ ದೇಶದಲ್ಲಿದ್ದವರು ಸುಮಾರು 8.27 ಕೋಟಿ. ಸರ್ಕಾರ ಅಲ್ಲಿಯವರೆಗೆ ನಂಬಿಕೊಂಡು ಬಂದಿದ್ದ ಲೆಕ್ಕಕ್ಕಿಂತ ಇದು ಸುಮಾರು 14 ಲಕ್ಷ ಕಡಿಮೆ. ಅಷ್ಟು ಜನ ಒಮ್ಮೆಗೇ ಊರು ಬಿಟ್ಟಿರಲಿಲ್ಲ. ಇಲ್ಲದವರನ್ನು ಇದ್ದಾರೆಂದು ವರ್ಷಗಟ್ಟಲೆ ಎಣಿಸಿಕೊಂಡು ಬರಲಾಗಿತ್ತು, ಅಷ್ಟೆ. ಅದಕ್ಕೂ ಹಿಂದಿನ ಗಣತಿಯಲ್ಲಿ, 2011ರ ಮೇ 9ರ ಲೆಕ್ಕದಲ್ಲಿ, ಇದೇ ರೀತಿ 15 ಲಕ್ಷ ಜನ ಕಡಿಮೆ ಸಿಕ್ಕಿದ್ದರು. ಎರಡು ಸಲವೂ ಲೆಕ್ಕ ಒಂದೇ ದಿಕ್ಕಿಗೆ ತಪ್ಪಿದೆ ಎಂದರೆ ಅದು ಅಕಸ್ಮಾತ್ತಲ್ಲ, ವ್ಯವಸ್ಥೆಯೊಳಗೇ ಕೂತಿರುವ ದೋಷ.

ಜರ್ಮನಿಯಂಥ ದೇಶದಲ್ಲಿ ಹೀಗಾಗುತ್ತದೆಯೇ ಎಂದು ಹುಬ್ಬೇರಿಸುವವರು ಒಂದು ಸಂಗತಿ ಗಮನಿಸಬೇಕು. ಅಲ್ಲಿ ಒಂದು ಊರಿನ ಜನಸಂಖ್ಯೆ ಎಂದರೆ ಮೂಲತಃ ಆ ಊರಿನ ಕಚೇರಿಯಲ್ಲಿ ಹೆಸರು ಬರೆಸಿದವರ ಸಂಖ್ಯೆ. ಊರಿಗೆ ಬರುವ ಹಣ, ಶಿಶುವಿಹಾರದ ಸೀಟು, ಮೇಯರ್‌ ಸಂಬಳ, ಚರಂಡಿಯ ಅಳತೆ ಎಲ್ಲವೂ ಈ ಅಂಕಿಯ ಮೇಲೆ ನಿಂತಿವೆ. ಅಂಕಿ ಮತ್ತು ನಿಜವಾಗಿ ಇರುವ ಜನ ಬೇರೆಬೇರೆಯಾದಾಗ ತೊಂದರೆ ಕಚೇರಿಯ ಕಡತದಲ್ಲಿ ನಿಲ್ಲುವುದಿಲ್ಲ, ಬೀದಿಗೆ ಬರುತ್ತದೆ.

ಹೆಸರು ಬರೆಸುವ ಕೆಲಸ

ಹೊಸ ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ನಾಗರಿಕ ಕಚೇರಿಗೆ, ಅಂದರೆ ಬ್ಯೂರ್ಗರಾಮ್ಟ್‌ಗೆ, ಹೋಗಿ ಆನ್ಮೆಲ್ಡುಂಗ್, ಅಂದರೆ ವಾಸದ ನೋಂದಣಿ, ಮಾಡಿಸಬೇಕು. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ನೋಂದಣಿ ಕಾಯ್ದೆಯ 17ನೇ ಕಲಮು ಇದನ್ನು ಕಡ್ಡಾಯ ಮಾಡಿದೆ. ಜರ್ಮನ್ ಪ್ರಜೆಗಳಿಗೂ ಇದೇ ನಿಯಮ. ಪಾಸ್‌ಪೋರ್ಟ್, ತುಂಬಿದ ಅರ್ಜಿ, ಜೊತೆಗೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರಿನ ಪ್ರತಿ ತೋರಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ದೃಢೀಕರಣ ಪತ್ರದಲ್ಲಿ ಮನೆ ಕೊಟ್ಟವರ ಹೆಸರು ಮತ್ತು ವಿಳಾಸ, ಮನೆಯ ವಿಳಾಸ, ಒಳಬಂದ ದಿನಾಂಕ, ಬಂದವರೆಲ್ಲರ ಹೆಸರು ಇರಬೇಕು. ಗಂಡನ ಹೆಸರಷ್ಟೇ ಬರೆಸಿ ಆಮೇಲೆ ಬಂದ ಹೆಂಡತಿಯ ಹೆಸರು ಬಿಟ್ಟರೆ ಹೊಸ ಪತ್ರಕ್ಕಾಗಿ ಮತ್ತೆ ಅಲೆಯಬೇಕಾಗುತ್ತದೆ.

ಅರ್ಜಿಯಲ್ಲಿ ಧರ್ಮದ ಕಾಲಂ ಒಂದಿದೆ. ಅದನ್ನು ಸುಮ್ಮನೆ ಮಾಹಿತಿಗೆಂದು ಕೇಳುವುದಿಲ್ಲ. ಹಿಂದೂ ಎಂದು ಬರೆದರೆ ಏನೂ ಆಗುವುದಿಲ್ಲ. ಮಂಗಳೂರಿನಿಂದ ಹೋದ ಎಂಜಿನಿಯರ್ ಒಬ್ಬರು ರೋಮನ್ ಕ್ಯಾಥೊಲಿಕ್ ಎಂದು ಬರೆದರೆ ಮುಂದಿನ ಸಂಬಳದಿಂದಲೇ ಚರ್ಚ್ ತೆರಿಗೆ ಕಡಿತ ಶುರು: ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಆದಾಯ ತೆರಿಗೆಯ ಶೇ 8, ಉಳಿದ ರಾಜ್ಯಗಳಲ್ಲಿ ಶೇ 9. ಆಮೇಲೆ ಬೇಡವೆನಿಸಿದರೆ ಚರ್ಚ್‌ನ ಸದಸ್ಯತ್ವವನ್ನೇ ಸರ್ಕಾರಿ ಕಚೇರಿಯಲ್ಲಿ ವಿಧಿವತ್ತಾಗಿ ಬಿಡಬೇಕು. ಹೋಗುವವರಿಗೆ ಇದನ್ನು ಮೊದಲೇ ಯಾರಾದರೂ ಹೇಳಿರುವುದು ಅಪರೂಪ.

ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆಯ ಪತ್ರ ಅಂಚೆಯಲ್ಲಿ ಬರುತ್ತದೆ. ಅಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ಸಂಖ್ಯೆ ಬರೆಯುವ ರೂಢಿ ಕಡಿಮೆ. ಅಂಚೆಯವರು ನೋಡುವುದು ಟಪಾಲು ಪೆಟ್ಟಿಗೆಯ ಮೇಲಿನ ಹೆಸರನ್ನು. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್. ತೆರಿಗೆ ಸಂಖ್ಯೆ ಸಿಗದಿದ್ದರೆ ಕಂಪನಿ ನಿಮ್ಮನ್ನು ಅತಿ ಹೆಚ್ಚು ಕಡಿತದ ಆರನೇ ತೆರಿಗೆ ವರ್ಗಕ್ಕೆ ಹಾಕಬಹುದು. ಸಾರ್ವಜನಿಕ ಟಿ.ವಿ., ರೇಡಿಯೊ ನಡೆಸಲು ವಸೂಲು ಮಾಡುವ ಪ್ರಸಾರ ಶುಲ್ಕದ ನೋಟಿಸು ಮಾತ್ರ ಹೇಗೋ ದಾರಿ ಹುಡುಕಿಕೊಂಡು ಬರುತ್ತದೆ. ತಿಂಗಳಿಗೆ 18.36 ಯೂರೋ, ಟಿ.ವಿ. ಇರಲಿ ಬಿಡಲಿ, ತಲೆಗೆ ಒಂದಲ್ಲ, ಮನೆಗೆ ಒಂದು. ನಾಲ್ವರು ಹಂಚಿಕೊಂಡಿರುವ ಮನೆಯಲ್ಲಿ ಒಬ್ಬರು ಕಟ್ಟಿ, ಉಳಿದ ಮೂವರು ಅವರ ಶುಲ್ಕ ಸಂಖ್ಯೆಯನ್ನು ತಿಳಿಸಿದರೆ ಸಾಕು.

ದೊಡ್ಡ ನಗರಗಳಲ್ಲಿ ಇಲ್ಲೊಂದು ಗಂಟು ಬೀಳುತ್ತದೆ. ಕೋಣೆ ಸಿಗುತ್ತದೆ, ಆದರೆ "ಹೆಸರು ನೋಂದಾಯಿಸುವಂತಿಲ್ಲ" ಎಂಬ ಷರತ್ತಿನೊಂದಿಗೆ. ಸಾಮಾನ್ಯವಾಗಿ ಮನೆ ಮಾಲೀಕರಿಗೆ ಗೊತ್ತಿಲ್ಲದೆ ಬಾಡಿಗೆದಾರರೇ ಒಳಬಾಡಿಗೆಗೆ ಕೊಟ್ಟ ಕೋಣೆ ಅದು. ನೋಂದಣಿ ಇಲ್ಲದೆ ವಲಸೆ ಕಚೇರಿಯ ವ್ಯಾಪ್ತಿಯೇ ನಿರ್ಧಾರವಾಗುವುದಿಲ್ಲ, ಹಾಗಾಗಿ ವೀಸಾ ಮುಂದುವರಿಕೆ ನಿಲ್ಲುತ್ತದೆ. ವಿದ್ಯಾರ್ಥಿಗಳು ಆಗ ಪರಿಚಯದವರ ಮನೆಯ ವಿಳಾಸದಲ್ಲಿ ಹೆಸರು ಬರೆಸಿ ಬೇರೆಲ್ಲೋ ವಾಸಿಸುತ್ತಾರೆ. ಇದು ಕಾನೂನುಬಾಹಿರ. ಸುಳ್ಳು ವಿಳಾಸ ಒದಗಿಸುವವರಿಗೆ 50 ಸಾವಿರ ಯೂರೋವರೆಗೆ ದಂಡ ಹಾಕಲು ಅವಕಾಶವಿದೆ. ಲೆಕ್ಕದ ದೃಷ್ಟಿಯಿಂದ ಹೇಳುವುದಾದರೆ, ಒಬ್ಬ ವ್ಯಕ್ತಿ ಒಂದು ಬೀದಿಯಲ್ಲಿ ಇದ್ದೂ ಇಲ್ಲದವನಾಗಿ, ಇನ್ನೊಂದು ಬೀದಿಯಲ್ಲಿ ಇಲ್ಲದೆಯೂ ಇದ್ದವನಾಗುತ್ತಾನೆ.

ಬಿಟ್ಟು ಹೋಗುವಾಗ

ಆದರೂ 14 ಲಕ್ಷದ ಗುಟ್ಟು ಇರುವುದು ಬರುವುದರಲ್ಲಲ್ಲ, ಹೋಗುವುದರಲ್ಲಿ. ಜರ್ಮನಿಯೊಳಗೇ ಊರು ಬದಲಿಸಿದರೆ ಹಳೆಯ ಊರಿಗೆ ತಿಳಿಸುವ ಅಗತ್ಯವಿಲ್ಲ, ಹೊಸ ಊರಿನ ಕಚೇರಿಯೇ ಹಳೆಯದಕ್ಕೆ ತಿಳಿಸಿ ಹೆಸರು ತೆಗೆಸುತ್ತದೆ. ದೇಶ ಬಿಡುವವರು ಮಾತ್ರ ತಾವೇ ಆಬ್ಮೆಲ್ಡುಂಗ್, ಅಂದರೆ ನೋಂದಣಿ ರದ್ದು, ಮಾಡಿಸಬೇಕು. ಹೊರಡುವ ಒಂದು ವಾರ ಮೊದಲಿನಿಂದ ಹೊರಟ ಎರಡು ವಾರದವರೆಗೆ ಅದಕ್ಕೆ ಅವಕಾಶ. ಮಾಡದಿದ್ದರೆ ಸಾವಿರ ಯೂರೋವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಆದರೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದವನಿಂದ ಆ ದಂಡ ವಸೂಲು ಮಾಡುವವರು ಯಾರು? ನೋಂದಾಯಿಸದೆ ಜರ್ಮನಿಯಲ್ಲಿ ಬದುಕುವುದು ಕಷ್ಟ, ನೋಂದಣಿ ಅಳಿಸದೆ ಬಿಟ್ಟುಹೋಗುವುದು ಸುಲಭ. ಬಾಗಿಲು ಒಳಕ್ಕೆ ಬರುವವರನ್ನು ಎಣಿಸುತ್ತದೆ, ಹೊರಕ್ಕೆ ಹೋಗುವವರನ್ನು ಕಾಣುವುದೇ ಇಲ್ಲ. ಹತ್ತು ವರ್ಷ ಹೀಗೇ ನಡೆದರೆ ಲೆಕ್ಕ ಮೇಲಕ್ಕೆ ಉಬ್ಬಲೇಬೇಕು.

ಗಣತಿಯ ವಿವರ ಇದನ್ನೇ ತೋರಿಸಿತು. ವಿದೇಶಿ ಪೌರತ್ವದ ನಿವಾಸಿಗಳು ಸುಮಾರು 1.09 ಕೋಟಿ ಸಿಕ್ಕರು. ಹಳೆಯ ಲೆಕ್ಕಕ್ಕಿಂತ ಹತ್ತಿರ ಹತ್ತಿರ 10 ಲಕ್ಷ ಕಡಿಮೆ. ಕಾಣೆಯಾದವರಲ್ಲಿ ಬಹುಪಾಲು ಜನ ತಮ್ಮ ದೇಶಕ್ಕೋ ಮತ್ತೊಂದು ದೇಶಕ್ಕೋ ಹೋಗಿ, ಹೆಸರನ್ನು ಮಾತ್ರ ಜರ್ಮನಿಯಲ್ಲೇ ಬಿಟ್ಟವರು. ಇದರಲ್ಲಿ ಭಾರತೀಯರ ಪಾಲನ್ನೂ ನೆನೆಯಬೇಕು. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ 49,483 ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ಇದೇ. ಕರ್ನಾಟಕದ ಎಂಜಿನಿಯರಿಂಗ್ ಪದವೀಧರರು ಕೆಮ್ನಿಟ್ಸ್, ಮಾಗ್ಡೆಬುರ್ಗ್, ಕಾಟ್‌ಬುಸ್ ಮುಂತಾದ ಪೂರ್ವದ ಊರುಗಳಲ್ಲೂ ಸೇರಿಕೊಂಡಿದ್ದಾರೆ. ಅವರಲ್ಲಿ ವಾಪಸಾಗುವವರಿಗೆ ಆಬ್ಮೆಲ್ಡುಂಗ್ ಪತ್ರದಿಂದ ನೇರ ಲಾಭವೂ ಇದೆ. ಪ್ರಸಾರ ಶುಲ್ಕದ ಖಾತೆ ಮುಚ್ಚಲು ಅದು ಬೇಕು. ಐದು ವರ್ಷಕ್ಕಿಂತ ಕಡಿಮೆ ಕಾಲ ಪಿಂಚಣಿ ವಂತಿಗೆ ಕಟ್ಟಿದ ಭಾರತೀಯರು ಯುರೋಪಿಯನ್ ಒಕ್ಕೂಟದಿಂದ ಹೊರಗೆ ನೆಲೆಸಿ 24 ತಿಂಗಳು ಕಳೆದ ಮೇಲೆ ತಮ್ಮ ಪಾಲನ್ನು ಮರಳಿ ಕೇಳಬಹುದು. ಆಗ ದೇಶ ಬಿಟ್ಟದ್ದು ಯಾವಾಗ ಎಂದು ತೋರಿಸಲು ಇದೇ ಪತ್ರ ನೆರವಿಗೆ ಬರುತ್ತದೆ. ಕಳೆದುಕೊಂಡರೆ ಎರಡು ವರ್ಷದ ನಂತರ ಬೆಂಗಳೂರಿನಿಂದ ಕುಳಿತು ತರಿಸಿಕೊಳ್ಳುವುದು ಸಣ್ಣ ಕೆಲಸವಲ್ಲ.

ತಪ್ಪು ಗೊತ್ತಾದರೂ ತಿದ್ದುವಂತಿಲ್ಲ

ಈಗಿನ ಜರ್ಮನ್ ಗಣತಿಯಲ್ಲಿ ಪ್ರತಿ ಮನೆಯ ಬಾಗಿಲು ತಟ್ಟುವುದಿಲ್ಲ. ಮೊದಲು ಎಲ್ಲ ಊರುಗಳ ನೋಂದಣಿ ಪುಸ್ತಕ ತರಿಸಿಕೊಂಡು, ಎರಡೆರಡು ಕಡೆ ಹೆಸರಿರುವವರನ್ನು ತೆಗೆಯುತ್ತಾರೆ. ನಂತರ ವಿಳಾಸಗಳ ಒಂದು ಮಾದರಿಯನ್ನು ಆರಿಸಿ ಗಣತಿದಾರರನ್ನು ಕಳಿಸುತ್ತಾರೆ. 2022ರಲ್ಲಿ ಹೀಗೆ ವಿಚಾರಿಸಿದ್ದು ಒಂದು ಕೋಟಿಗೂ ಹೆಚ್ಚು ಜನರನ್ನು. ನೋಂದಣಿಯಲ್ಲಿದ್ದು ಮನೆಯಲ್ಲಿಲ್ಲದವರು ಎಷ್ಟು, ಮನೆಯಲ್ಲಿದ್ದು ನೋಂದಣಿಯಲ್ಲಿಲ್ಲದವರು ಎಷ್ಟು ಎಂಬ ಅನುಪಾತ ಹಿಡಿದು ಊರಿನ ಒಟ್ಟು ಸಂಖ್ಯೆ ತಿದ್ದುತ್ತಾರೆ. ವಿದ್ಯಾರ್ಥಿ ನಿಲಯಗಳಲ್ಲಿ ಮಾತ್ರ ಮಾದರಿ ಸಾಲದು. ಅಲ್ಲಿ ಎಲ್ಲರನ್ನೂ ಎಣಿಸುತ್ತಾರೆ, ಯಾಕೆಂದರೆ ಹೋದವರ ಹೆಸರು ಅತಿ ಹೆಚ್ಚು ಉಳಿದುಕೊಳ್ಳುವುದು ಅಲ್ಲೇ.

ಈಗ ವಿಚಿತ್ರ ನೋಡಿ. ಗಣತಿದಾರರು ಒಂದು ಮನೆಗೆ ಹೋಗಿ, ಪುಸ್ತಕದಲ್ಲಿರುವ ವ್ಯಕ್ತಿ ಅಲ್ಲಿಲ್ಲ ಎಂದು ಕಂಡುಕೊಳ್ಳುತ್ತಾರೆ. ಆದರೆ ಆ ಹೆಸರನ್ನು ನಗರದ ನೋಂದಣಿ ಕಚೇರಿಗೆ ಹೇಳುವಂತಿಲ್ಲ. 1983ರ ಡಿಸೆಂಬರ್ 15ರಂದು ಸಾಂವಿಧಾನಿಕ ನ್ಯಾಯಾಲಯ ಕೊಟ್ಟ ಗಣತಿ ತೀರ್ಪು ಅದನ್ನು ತಡೆಯುತ್ತದೆ. ಅಂಕಿಅಂಶಕ್ಕೆಂದು ಕೇಳಿದ ಮಾಹಿತಿಯನ್ನು ಆಡಳಿತಕ್ಕೆ ಹಿಂದಿರುಗಿಸಿದರೆ ನಾಗರಿಕರು ಗಣತಿದಾರರ ಎದುರು ಬಾಯಿ ಬಿಡುವುದಿಲ್ಲ ಎಂಬುದು ಅದರ ಹಿಂದಿನ ಚಿಂತನೆ. ಆ ಪ್ರಕರಣದಿಂದಾಗಿಯೇ 1983ಕ್ಕೆ ನಿಗದಿಯಾಗಿದ್ದ ಪಶ್ಚಿಮ ಜರ್ಮನಿಯ ಗಣತಿ 1987ಕ್ಕೆ ಹೋಯಿತು. ನಾಗರಿಕರ ದೃಷ್ಟಿಯಿಂದ ತೀರ್ಪು ಸರಿಯೆಂದೇ ಈ ಲೇಖನದ ಅಭಿಪ್ರಾಯ. ಅದಕ್ಕೆ ತೆರಬೇಕಾದ ಬೆಲೆ ಏನೆಂದರೆ, ಗಣತಿಯ ಒಟ್ಟು ಮೊತ್ತ ಸರಿಯಾಗುತ್ತದೆ, ಪುಸ್ತಕ ಹಾಗೇ ತಪ್ಪಾಗಿ ಉಳಿಯುತ್ತದೆ.

ಹಾಗಾಗಿ ಒಂದೇ ನಗರಕ್ಕೆ ಎರಡು ಜನಸಂಖ್ಯೆ ಚಾಲ್ತಿಯಲ್ಲಿವೆ. ಮ್ಯೂನಿಕ್ ನಗರಸಭೆಯ ಪುಸ್ತಕದ ಪ್ರಕಾರ ಅಲ್ಲಿ ಸುಮಾರು 16 ಲಕ್ಷ ಜನ. ಗಣತಿಯಿಂದ ಮುಂದುವರಿಸಿದ ಅಧಿಕೃತ ಲೆಕ್ಕದಲ್ಲಿ ಸುಮಾರು 15 ಲಕ್ಷ. ಕಲೋನ್‌ಗೆ ಗಣತಿ ಕೊಟ್ಟದ್ದು 10.17 ಲಕ್ಷ, ಹಳೆಯ ಲೆಕ್ಕಕ್ಕಿಂತ 50 ಸಾವಿರಕ್ಕೂ ಹೆಚ್ಚು ಕಡಿಮೆ. ನಗರದ ಸ್ವಂತ ಪ್ರಕಟಣೆಗಳಲ್ಲಿ ಇನ್ನೂ ದೊಡ್ಡ ಅಂಕಿಯೇ ಇದೆ. ಜಾಲತಾಣದಲ್ಲಿ ಜರ್ಮನ್ ಊರಿನ ಜನಸಂಖ್ಯೆ ಹುಡುಕುವವರು ಅಂಕಿ ಯಾವ ಕಚೇರಿಯದು ಎಂದು ಮೊದಲು ನೋಡಬೇಕು. ಹಳೆಯ ವರ್ಷಗಳೊಂದಿಗೆ ಹೋಲಿಸುವಾಗ ಊರಿನ ಗಡಿಯನ್ನೂ ನೋಡಬೇಕು. ಸ್ಯಾಕ್ಸನಿ-ಅನ್‌ಹಾಲ್ಟ್‌ನ ಗಾರ್ಡೆಲೆಗನ್‌ ಎಂಬ ಪುಟ್ಟ ಪಟ್ಟಣ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿಕೊಂಡು 632 ಚದರ ಕಿ.ಮೀ.ಗೆ ಹಬ್ಬಿತು. ವಿಸ್ತೀರ್ಣದಲ್ಲಿ ಬರ್ಲಿನ್, ಹ್ಯಾಂಬರ್ಗ್ ಬಿಟ್ಟರೆ ಜರ್ಮನಿಯಲ್ಲಿ ಇದೇ ದೊಡ್ಡ ನಗರ! ಜನ ಸುಮಾರು 22 ಸಾವಿರ. ಮ್ಯೂನಿಕ್‌ನ 15 ಲಕ್ಷ ಜನ ಇರುವುದು ಇದರ ಅರ್ಧದಷ್ಟು ಜಾಗದಲ್ಲಿ.

ಅಂಕಿ ಇಳಿದರೆ ನಗರಗಳು ಕೋರ್ಟಿಗೆ ಹೋಗುವುದು ಅಭಿಮಾನಕ್ಕಲ್ಲ, ಹಣಕ್ಕೆ. ರಾಜ್ಯದಿಂದ ಊರುಗಳಿಗೆ ಹಂಚುವ ಅನುದಾನದ ಸೂತ್ರದಲ್ಲಿ ಜನಸಂಖ್ಯೆ ಮುಖ್ಯ ಅಂಶ. ರಾಜ್ಯಗಳ ನಡುವಿನ ಹಂಚಿಕೆಯಲ್ಲಿ ಬರ್ಲಿನ್, ಹ್ಯಾಂಬರ್ಗ್, ಬ್ರೆಮೆನ್ ಎಂಬ ಮೂರು ನಗರ ರಾಜ್ಯಗಳ ಪ್ರತಿ ನಿವಾಸಿಯನ್ನು 1.35 ಜನ ಎಂದು ಎಣಿಸುತ್ತಾರೆ. ಸುತ್ತಲಿನ ಪ್ರದೇಶದವರೂ ಅಲ್ಲಿನ ಆಸ್ಪತ್ರೆ, ರಂಗಮಂದಿರ, ರೈಲು ಬಳಸುತ್ತಾರೆ ಎಂಬ ಕಾರಣಕ್ಕೆ. ಅಂದಮೇಲೆ ಬರ್ಲಿನ್ ಒಬ್ಬನನ್ನು ಕಳೆದುಕೊಂಡರೆ ಕಳೆದುಕೊಳ್ಳುವುದು ಒಂದೂಕಾಲಿಗೂ ಹೆಚ್ಚು. 2011ರ ಗಣತಿ ಬರ್ಲಿನ್‌ನ ಲೆಕ್ಕದಿಂದ ಸುಮಾರು 1.8 ಲಕ್ಷ ಜನರನ್ನು ತೆಗೆದಾಗ ವರ್ಷಕ್ಕೆ ಸುಮಾರು 47 ಕೋಟಿ ಯೂರೋ ನಷ್ಟವೆಂದು ನಗರ ಹೇಳಿತ್ತು. ಸಣ್ಣ ಊರುಗಳಿಗೂ ದೊಡ್ಡವಕ್ಕೂ ಬೇರೆ ಬೇರೆ ತಿದ್ದುಪಡಿ ವಿಧಾನ ಬಳಸಿದ್ದು ಅನ್ಯಾಯ ಎಂದು ಬರ್ಲಿನ್ ಮತ್ತು ಹ್ಯಾಂಬರ್ಗ್ ವಾದಿಸಿದವು. 2018ರ ಸೆಪ್ಟೆಂಬರ್ 19ರಂದು ಸಾಂವಿಧಾನಿಕ ನ್ಯಾಯಾಲಯ ಆ ವಾದ ತಳ್ಳಿಹಾಕಿತು. ಆದರೂ 2022ರಲ್ಲಿ ಎಲ್ಲ ಊರಿಗೂ ಒಂದೇ ರೀತಿಯ ಮಾದರಿ ಬಳಸಿದರು.

ಕುಗ್ಗಿದ ಊರಿನ ಕೊಳವೆ

ಒಟ್ಟು ಜನಸಂಖ್ಯೆ 8.3 ಕೋಟಿಯ ಆಸುಪಾಸಿನಲ್ಲಿ ನಿಂತಿರುವುದಕ್ಕೆ ವಲಸೆಯೊಂದೇ ಕಾರಣ. 1972ರಿಂದ ಜರ್ಮನಿಯಲ್ಲಿ ಪ್ರತಿ ವರ್ಷವೂ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. 2024ರಲ್ಲಿ ಹುಟ್ಟಿದ್ದು 6.77 ಲಕ್ಷ ಮಕ್ಕಳು, ಸತ್ತವರು ಹತ್ತು ಲಕ್ಷದಷ್ಟು. ಬರುವವರು ಎಲ್ಲ ಊರಿಗೂ ಸಮನಾಗಿ ಹೋಗುವುದಿಲ್ಲ. ಒಂದೇ ದೇಶದಲ್ಲಿ ಒಂದು ಕಡೆ ಮನೆಗಾಗಿ ಸಾಲು, ಇನ್ನೊಂದು ಕಡೆ ಮನೆ ಕೆಡವಲು ಸರ್ಕಾರಿ ಸಹಾಯಧನ.

ಪೂರ್ವದ ಹೊಯರ್ಸ್‌ವೆರ್ಡಾ ಇದಕ್ಕೆ ಕಣ್ಣಿಗೆ ರಾಚುವ ಉದಾಹರಣೆ. 1950ರ ದಶಕದ ನಡುವಿನಲ್ಲಿ ಸುಮಾರು 7 ಸಾವಿರ ಜನರಿದ್ದ ಪಟ್ಟಣ ಶ್ವಾರ್ಟ್ಸೆ ಪುಂಪೆಯ ಕಂದು ಕಲ್ಲಿದ್ದಲು ಉದ್ಯಮದ ಬೆನ್ನು ಹತ್ತಿ 1981ಕ್ಕೆ ಸುಮಾರು 71 ಸಾವಿರಕ್ಕೆ ಬೆಳೆಯಿತು. ಎರಡು ಜರ್ಮನಿ ಒಂದಾಗಿ ಉದ್ಯಮ ಕುಸಿದ ಮೇಲೆ ಈಗ 30 ಸಾವಿರದ ಆಸುಪಾಸು. ತುರಿಂಗಿಯಾದ ಸೂಲ್, ಪೋಲೆಂಡ್ ಗಡಿಯ ಉಕ್ಕಿನ ಊರು ಐಸೆನ್‌ಹ್ಯೂಟೆನ್‌ಷ್ಟಾಟ್ ಇದೇ ದಾರಿ ಹಿಡಿದವು. ಮೊದಲು ಹೋದವರು ಯುವಜನ, ಅದರಲ್ಲೂ ಯುವತಿಯರು. ಅವರೊಂದಿಗೆ ಮುಂದೆ ಹುಟ್ಟಬೇಕಿದ್ದ ಮಕ್ಕಳೂ ಹೋದರು. ಸೂಲ್ ಇವತ್ತು ಸರಾಸರಿ ವಯಸ್ಸಿನಲ್ಲಿ ದೇಶದ ಅತಿ ಹಿರಿಯ ನಗರಗಳಲ್ಲೊಂದು.

ಅರ್ಧ ಜನ ಹೋದರೆ ಖರ್ಚು ಅರ್ಧವಾಗುವುದಿಲ್ಲ ಎಂಬುದು ಇಲ್ಲಿಯ ಪಾಠಗಳಲ್ಲಿ ಮೊದಲನೆಯದು. ನೀರು ಮತ್ತು ಚರಂಡಿ ಜಾಲದ ಖರ್ಚಿನಲ್ಲಿ ಬಹುಪಾಲು ಕೊಳವೆ, ಪಂಪು, ಶುದ್ಧೀಕರಣ ಘಟಕಕ್ಕೆ ಹೋಗುವ ಸ್ಥಿರ ವೆಚ್ಚ. ಉಳಿದ ಜನ ಅಷ್ಟನ್ನೂ ಹಂಚಿಕೊಳ್ಳಬೇಕು. ಅದರ ಮೇಲೆ ಜರ್ಮನರು ನೀರನ್ನೂ ಮಿತವಾಗಿ ಬಳಸಲು ಕಲಿತರು: ತಲೆಗೆ ದಿನಕ್ಕೆ 1990ರಲ್ಲಿ 147 ಲೀಟರ್ ಇದ್ದದ್ದು ಈಗ ಸುಮಾರು 125. ದೊಡ್ಡ ಕೊಳವೆಯಲ್ಲಿ ಸಣ್ಣ ಹರಿವು ಬಂದರೆ ಏನಾಗುತ್ತದೆ? ಕುಡಿಯುವ ನೀರು ಕೊಳವೆಯಲ್ಲಿ ದಿನಗಟ್ಟಲೆ ನಿಂತು, ಬೆಚ್ಚಗಾಗಿ, ರೋಗಾಣು ಬೆಳೆಯುವ ಅಪಾಯ ಬರುತ್ತದೆ. ಆಗ ನಗರದವರೇ ಹೈಡ್ರಂಟ್ ತೆರೆದು ಶುದ್ಧ ನೀರನ್ನು ಚರಂಡಿಗೆ ಬಿಟ್ಟು ಕೊಳವೆ ತೊಳೆಯಬೇಕು. ಚರಂಡಿಯಲ್ಲಿ ಮಲಿನ ನಿಧಾನವಾಗಿ ಸಾಗಿ ತಳದಲ್ಲಿ ಕೂರುತ್ತದೆ, ಗಾಳಿಯಿಲ್ಲದೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳವೆಯ ಮೇಲ್ಭಾಗದ ತೇವದಲ್ಲಿ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ, ಬೀದಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಪರಿಹಾರವೆಂದರೆ ದೊಡ್ಡ ಕೊಳವೆಯೊಳಗೆ ಸಣ್ಣ ಕೊಳವೆ ತೂರಿಸುವುದು, ಅದಕ್ಕೂ ದುಡ್ಡು ಬೇಕು. ಒಬ್ಬೊಬ್ಬರ ನೀರಿನ ಉಳಿತಾಯ ಕೊನೆಗೆ ಎಲ್ಲರ ಬಿಲ್ಲನ್ನೂ ಏರಿಸುವ ಈ ವ್ಯವಹಾರವನ್ನು ನಿವಾಸಿಗಳಿಗೆ ವಿವರಿಸುವುದು ನಗರಸಭೆಗೆ ಅತಿ ಕಷ್ಟದ ಕೆಲಸ.

2000ದ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಮನೆ ಖಾಲಿ ಬಿದ್ದಿದ್ದವು. 2002ರಲ್ಲಿ ಶುರುವಾದ ಪೂರ್ವ ನಗರ ಪುನಾರಚನೆ ಯೋಜನೆ ಸುಮಾರು 3.5 ಲಕ್ಷ ಮನೆ ಕೆಡವುವ ಗುರಿ ಇಟ್ಟುಕೊಂಡಿತು. ನಿಯಮ ಸರಳ: ಹೊರಅಂಚಿನಿಂದ ಒಳಕ್ಕೆ ಕೆಡವಬೇಕು. ಕೊನೆಯ ಕಟ್ಟಡಗಳು ಹೋದರೆ ಅಲ್ಲಿಯವರೆಗಿನ ಕೊಳವೆ, ಮನೆ ಬೆಚ್ಚಗಿಡುವ ಬಿಸಿನೀರ ಜಾಲ, ಬಸ್ಸು ಎಲ್ಲ ಮುಚ್ಚಬಹುದು. ನಡುವಿನ ಕಟ್ಟಡ ಕೆಡವಿದರೆ ಕೊಳವೆ ಅದರ ಕೆಳಗೇ ಹಾದುಹೋಗಬೇಕು, ಉಳಿತಾಯ ಸೊನ್ನೆ. ಕಾಗದದ ಮೇಲೆ ಸರಳವಾಗಿದ್ದ ಈ ನಿಯಮ ನೆಲದ ಮೇಲೆ ಹಲವು ಕಡೆ ಮುರಿಯಿತು. ಅಂಚಿನ ಕಟ್ಟಡ ಒಬ್ಬರದ್ದು, ನಡುವಿನದು ಮತ್ತೊಬ್ಬರದ್ದು. ಪೂರ್ವದ ಹಳೆಯ ಸರ್ಕಾರದ ಕಾಲದ ಸಾಲ ಹೊತ್ತ ನಗರಸಭೆ ವಸತಿ ಕಂಪನಿ ಮತ್ತು ಸಹಕಾರ ಸಂಘಗಳು ತಮ್ಮ ಸಾಲಮನ್ನಾಕ್ಕೆ ಅನುಕೂಲವಾದ ಕಟ್ಟಡವನ್ನೇ ಕೆಡವಿದವು. ಹತ್ತು ಮನೆಯ ಮೆಟ್ಟಿಲ ಸಾಲಿನಲ್ಲಿ ಒಬ್ಬರೇ ಅಜ್ಜಿ ಉಳಿದು, ಅವರಿಗಾಗಿ ಇಡೀ ಕಟ್ಟಡಕ್ಕೆ ಬಿಸಿನೀರು ಹರಿಸಬೇಕಾಗಿ ಬಂದದ್ದೂ ಉಂಟು. ತುರಿಂಗಿಯಾದ ಲೈನೆಫೆಲ್ಡೆ ಬೇರೆ ದಾರಿ ಹಿಡಿದು, ಕಾಂಕ್ರೀಟ್ ಹಲಗೆಯ ಉದ್ದನೆ ಬ್ಲಾಕ್‌ಗಳನ್ನು ತುಂಡರಿಸಿ, ಮೇಲಿನ ಮಹಡಿ ತೆಗೆದು, ತೋಟದ ಮನೆಗಳಾಗಿ ಮಾಡಿತು. ನೋಡಲು ಚೆಂದ, ಪ್ರಶಸ್ತಿಯೂ ಬಂತು. ಪೂರ್ತಿ ಕೆಡವುವುದಕ್ಕಿಂತ ದುಬಾರಿಯಾದ್ದರಿಂದ ಅನುಕರಿಸಿದವರು ಕಡಿಮೆ.

ಲೈಪ್ಸಿಗ್ ಮಾತ್ರ ಎಲ್ಲ ಲೆಕ್ಕ ತಲೆಕೆಳಗು ಮಾಡಿತು. 1933ರಲ್ಲಿ 7 ಲಕ್ಷ ದಾಟಿದ್ದ ನಗರ 1990ರ ದಶಕದ ಕೊನೆಗೆ ನಾಲ್ಕೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಹಳೆಯ ಚೆಂದದ ಕಟ್ಟಡಗಳು ಕುಸಿಯದಿರಲೆಂದು 2004ರಿಂದ ಒಂದು ಸಂಘ ಕಾವಲು ಮನೆ ಪದ್ಧತಿ ನಡೆಸಿತು: ಬಾಡಿಗೆಯಿಲ್ಲ, ನೀರು ಕರೆಂಟಿನ ಖರ್ಚು ಕೊಟ್ಟು ಇದ್ದರೆ ಸಾಕು, ಸೂರು ಸೋರದಂತೆ ನೋಡಿಕೊಳ್ಳಬೇಕು. ಕಲಾವಿದರು, ವಿದ್ಯಾರ್ಥಿಗಳು ಬಂದು ನೆಲೆಸಿದರು. ಈಗ ನಗರ 6 ಲಕ್ಷ ದಾಟಿದೆ, ಬಾಡಿಗೆ ಏರಿದೆ. ಕೆಡವಿದ ಮನೆಗಳನ್ನು ನೆನೆದು ಇಂದು ಕೈ ಹಿಸುಕಿಕೊಳ್ಳುವವರಿದ್ದಾರೆ. ಇಪ್ಪತ್ತು ವರ್ಷದ ಜನಸಂಖ್ಯಾ ಮುನ್ನೋಟವನ್ನು ಒಂದೇ ನಗರದ ಮಟ್ಟಕ್ಕೆ ಇಳಿಸಿ ನಂಬುವವರು ಲೈಪ್ಸಿಗ್ ನೋಡಿ ಬರಬೇಕು.

ಕುಗ್ಗುವ ಊರಿನ ದಿನಚರಿ ಕೊಳವೆಯಾಚೆಗೂ ಬದಲಾಗುತ್ತದೆ. ಬಸ್ ಕಂಪನಿ ಬಿಟ್ಟ ಮಾರ್ಗದಲ್ಲಿ ಊರಿನವರೇ ಸ್ವಯಂಸೇವಕರಾಗಿ ಓಡಿಸುವ ಬ್ಯೂರ್ಗರ್‌ಬುಸ್ 1985ರಲ್ಲಿ ನಾರ್ತ್ ರೈನ್-ವೆಸ್ಟ್‌ಫಾಲಿಯಾದ ಹೇಕ್ ಮತ್ತು ಲೆಗ್ಡನ್ ನಡುವೆ ಆರಂಭವಾಯಿತು. ಎಂಟು ಪ್ರಯಾಣಿಕರ ವ್ಯಾನೇ ಯಾಕೆಂದರೆ ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಓಡಿಸಬಹುದಾದ ಗರಿಷ್ಠ ಅಷ್ಟು. ಒಂಬತ್ತನೆಯವರಿಗೆ ಜಾಗವಿಲ್ಲ, ನಿಲ್ದಾಣದಲ್ಲೇ ಉಳಿಯಬೇಕು. ಅಗ್ನಿಶಾಮಕ ದಳದ್ದು ಇದಕ್ಕಿಂತ ಗಂಭೀರ ಸಮಸ್ಯೆ. ದೊಡ್ಡ ನಗರಗಳನ್ನು ಬಿಟ್ಟರೆ ಜರ್ಮನಿಯ ಬೆಂಕಿ ಆರಿಸುವವರು ಸ್ವಯಂಸೇವಕರು, ದೇಶದಲ್ಲಿ ಸುಮಾರು ಹತ್ತು ಲಕ್ಷ. ಸಂಖ್ಯೆ ಪುಸ್ತಕದಲ್ಲಿ ಚೆನ್ನಾಗಿದೆ. ಆದರೆ ಎರಡು ಕೋಟಿಗೂ ಹೆಚ್ಚು ಉದ್ಯೋಗಿಗಳು ದಿನಾ ಊರ ಗಡಿ ದಾಟಿ ಕೆಲಸಕ್ಕೆ ಹೋಗುವ ದೇಶದಲ್ಲಿ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆಗಂಟೆ ಬಾರಿಸಿದರೆ ಊರಲ್ಲಿರುವವರು ಎಷ್ಟು ಜನ? ಅದಕ್ಕೇ ಹಗಲು ಹೊತ್ತಿನಲ್ಲಿ ಒಂದು ಕರೆಗೆ ಅಕ್ಕಪಕ್ಕದ ಎರಡು ಮೂರು ಊರಿನ ದಳಗಳನ್ನು ಒಟ್ಟಿಗೇ ಕರೆಯುತ್ತಾರೆ. ವೈದ್ಯರ ಕೊರತೆಗೆ ನಾರ್ತ್ ರೈನ್-ವೆಸ್ಟ್‌ಫಾಲಿಯಾ 2019ರಿಂದ ವೈದ್ಯಕೀಯ ಸೀಟುಗಳಲ್ಲಿ ಗ್ರಾಮೀಣ ಕೋಟಾ ಇಟ್ಟಿದೆ: ಹತ್ತು ವರ್ಷ ಹಳ್ಳಿಗಾಡಿನಲ್ಲಿ ಕೆಲಸ ಮಾಡುವ ಒಪ್ಪಂದ, ಮುರಿದರೆ ಎರಡೂವರೆ ಲಕ್ಷ ಯೂರೋ ದಂಡ. ಭಾನುವಾರ ಅಂಗಡಿ ಮುಚ್ಚಲೇಬೇಕೆಂಬ ಪಟ್ಟು ಹಿಡಿದ ದೇಶದಲ್ಲೂ ಹೆಸ್ಸೆ ರಾಜ್ಯ 2024ರಲ್ಲಿ ಸಿಬ್ಬಂದಿಯಿಲ್ಲದ ಸಣ್ಣ ಯಂತ್ರ ಅಂಗಡಿಗಳಿಗೆ ವಿನಾಯಿತಿ ಕೊಟ್ಟಿತು.

ಶಿಶುವಿಹಾರದ ಗತಿಯೂ ಹೀಗೇ ಎರಡು ದಿಕ್ಕಿಗೆ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಸೀಟು ಕಾನೂನುಬದ್ಧ ಹಕ್ಕಾದದ್ದು 2013ರ ಆಗಸ್ಟ್ 1ರಿಂದ. ಪಶ್ಚಿಮದ ನಗರಗಳಲ್ಲಿ ತಾಯಿ ಬಸುರಿಯಿದ್ದಾಗಲೇ ಅರ್ಜಿ ಹಾಕುವುದು ಮಾಮೂಲು. ಪೂರ್ವದಲ್ಲಿ, ದೇಶದ ಜನನ ಸಂಖ್ಯೆ 2021ರ 7.95 ಲಕ್ಷದಿಂದ ಮೂರೇ ವರ್ಷದಲ್ಲಿ 1 ಲಕ್ಷಕ್ಕೂ ಹೆಚ್ಚು ಇಳಿದ ಮೇಲೆ, ಕೆಲವು ವಿಹಾರಗಳಿಗೆ ಬೀಗ ಬೀಳುತ್ತಿದೆ.

ತುಂಬಿದ ಊರಿನ ಬಾಡಿಗೆ

2022ರ ಗಣತಿ ಮನೆಗಳನ್ನೂ ಎಣಿಸಿತು: 4.31 ಕೋಟಿ ಮನೆ, ಅದರಲ್ಲಿ ಸುಮಾರು 19 ಲಕ್ಷ ಖಾಲಿ. ಇಷ್ಟು ಖಾಲಿ ಇದ್ದೂ ಕೊರತೆ ಯಾಕೆ ಎಂಬ ಪ್ರಶ್ನೆಗೆ, ಖಾಲಿ ಮನೆ ಕೆಲಸವಿಲ್ಲದ ಊರಲ್ಲಿದೆ ಎಂಬುದು ಅರ್ಧ ಉತ್ತರ. ಉಳಿದರ್ಧ ಮನೆಯೊಳಗಿದೆ. ತಲೆಗೆ ವಾಸದ ಜಾಗ 1990ರ ದಶಕದ ಆರಂಭದಲ್ಲಿ ಸುಮಾರು 35 ಚದರ ಮೀಟರ್ ಇತ್ತು, ಈಗ 47ಕ್ಕೂ ಹೆಚ್ಚು. ಸುಮಾರು 1.7 ಕೋಟಿ ಜನ ಒಂಟಿಯಾಗಿ ವಾಸಿಸುತ್ತಾರೆ. ಜನಸಂಖ್ಯೆ ನಿಂತಲ್ಲೇ ನಿಂತರೂ ಬೇಕಾಗುವ ಮನೆಗಳ ಸಂಖ್ಯೆ ಏರುತ್ತದೆ.

ಒಂಟಿ ಹಿರಿಯರು ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗಬಾರದೇ? ಹೋದರೆ ಅವರಿಗೇ ನಷ್ಟ. ಹಳೆಯ ಕರಾರಿನ ಬಾಡಿಗೆಯನ್ನು ಮಾಲೀಕರು ಮೂರು ವರ್ಷದಲ್ಲಿ ಶೇ 20ಕ್ಕಿಂತ, ಮನೆ ಕೊರತೆಯ ಒತ್ತಡವಿರುವ ನಗರಗಳಲ್ಲಿ ಶೇ 15ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಗಣತಿಯ ಪ್ರಕಾರ ಮ್ಯೂನಿಕ್‌ನ ಸರಾಸರಿ ತಣ್ಣನೆ ಬಾಡಿಗೆ, ಅಂದರೆ ಬಿಸಿ ವ್ಯವಸ್ಥೆ ಮತ್ತು ಇತರ ಖರ್ಚು ಬಿಟ್ಟದ್ದು, ಚದರ ಮೀಟರಿಗೆ ಸುಮಾರು 12.9 ಯೂರೋ, ದೇಶದ ಸರಾಸರಿ 7.28. ಇದರಲ್ಲಿ ಹಳೆಯ ಕರಾರುಗಳೂ ಸೇರಿವೆ. ಇವತ್ತು ಮ್ಯೂನಿಕ್‌ನಲ್ಲಿ ಹೊಸದಾಗಿ ಹುಡುಕಿದರೆ 20 ದಾಟುತ್ತದೆ. ನಲವತ್ತು ವರ್ಷದಿಂದ 90 ಚದರ ಮೀಟರಿನಲ್ಲಿರುವವರು 50ಕ್ಕೆ ಇಳಿದರೂ ಕೊಡುವ ಹಣ ಕಡಿಮೆಯಾಗದು. ಇದ್ದವರನ್ನು ಕಾಪಾಡುವ ಕಾನೂನೇ ಬರುವವರಿಗೆ ಬಾಗಿಲು ಮುಚ್ಚುತ್ತದೆ. ಕಾನೂನು ತೆಗೆದರೆ ಹಿರಿಯರು ಬೀದಿಗೆ ಬೀಳುತ್ತಾರೆ, ಆದ್ದರಿಂದ ಯಾವ ಪಕ್ಷವೂ ಮುಟ್ಟುವುದಿಲ್ಲ.

ಹೊಸ ಕರಾರಿಗೂ 2015ರಿಂದ ಮಿತಿ ಇದೆ: ಒತ್ತಡದ ಪ್ರದೇಶಗಳಲ್ಲಿ ಸ್ಥಳೀಯ ಸರಾಸರಿಗಿಂತ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇದನ್ನು 2029ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ರಂಧ್ರಗಳು ದೊಡ್ಡವು. 2014ರ ಅಕ್ಟೋಬರ್ 1ರ ನಂತರ ಮೊದಲು ಬಳಕೆಗೆ ಬಂದ ಮನೆಗೆ ಅನ್ವಯವಿಲ್ಲ. ಪೀಠೋಪಕರಣ ಹಾಕಿ ಕೊಟ್ಟರೆ ಅದಕ್ಕೆಷ್ಟು ಸೇರಿಸಿದರು ಎಂದು ಹೇಳುವ ಒತ್ತಾಯವಿರಲಿಲ್ಲ. ಮಿತಿ ಮೀರಿದ್ದರೆ ಬಾಡಿಗೆದಾರರೇ ಲಿಖಿತವಾಗಿ ಆಕ್ಷೇಪಿಸಬೇಕು. ಹೊಸದಾಗಿ ಬಂದ ವಿದೇಶಿಯರು ಅಷ್ಟು ದೂರ ಹೋಗುವುದು ಕಡಿಮೆ. ಅವರು ಕನಿಷ್ಠ ಇಷ್ಟಾದರೂ ನೆನಪಿಡಬೇಕು: ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವುದು ಹಕ್ಕು, ಮನೆ ನೋಡುವ ಮೊದಲೇ ಹಣ ಕೇಳಿದರೆ ಅದು ಮೋಸ.

ಹೊಸ ಮನೆ ಕಟ್ಟುವುದೇ ನೇರ ದಾರಿ. ಹಿಂದಿನ ಕೇಂದ್ರ ಸರ್ಕಾರ ವರ್ಷಕ್ಕೆ 4 ಲಕ್ಷ ಮನೆಯ ಗುರಿ ಹೇಳಿತ್ತು. 2024ರಲ್ಲಿ ಮುಗಿದದ್ದು ಸುಮಾರು 2.52 ಲಕ್ಷ. ಬಡ್ಡಿ ಏರಿತು, ಸಾಮಗ್ರಿ ದುಬಾರಿಯಾಯಿತು, ಕೆಲಸಗಾರರಿಲ್ಲ. ಪಶ್ಚಿಮದಲ್ಲಿ 1980ರ ದಶಕದ ಕೊನೆಗೆ ಸುಮಾರು 40 ಲಕ್ಷವಿದ್ದ ಸರ್ಕಾರಿ ನೆರವಿನ ಕಡಿಮೆ ಬಾಡಿಗೆ ಮನೆಗಳು ಈಗ ಇಡೀ ದೇಶದಲ್ಲಿ ಹತ್ತು ಲಕ್ಷದ ಚಿಲ್ಲರೆ. ಸಾಲ ತೀರಿ ಕರಾರಿನ ಅವಧಿ ಮುಗಿದೊಡನೆ ಅವು ಮಾಮೂಲು ಮಾರುಕಟ್ಟೆಗೆ ಜಾರುವುದರಿಂದ, ಹೊಸದು ಕಟ್ಟಿದರೂ ಒಟ್ಟು ಸಂಖ್ಯೆ ಇಳಿಯುತ್ತಲೇ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಕಟ್ಟಡ ಕಾಯ್ದೆಯ ತಿದ್ದುಪಡಿ ಊರುಗಳಿಗೆ ವಿವರವಾದ ಯೋಜನೆಯಿಲ್ಲದೆಯೂ ವಸತಿಗೆ ಒಪ್ಪಿಗೆ ಕೊಡುವ ಅಧಿಕಾರ ನೀಡಿದೆ. ಅದರಿಂದ ಉಳಿಯುವುದು ಸಮಯ. ಬಡ್ಡಿಯನ್ನು ಅದು ಮುಟ್ಟದು.

ಎಷ್ಟು ಮನೆ, ಎಷ್ಟು ಸೀಟು, ಎಷ್ಟು ಕೊಳವೆ ಎಂಬ ಪ್ರಶ್ನೆಗಳೆಲ್ಲ ಮತ್ತೆ ಎಷ್ಟು ಜನ ಎಂಬುದಕ್ಕೇ ಬರುತ್ತವೆ. ಮುಂದಿನ ಗಣತಿ ಸುತ್ತು 2031ರಲ್ಲಿ. ಮಾದರಿ ಸಮೀಕ್ಷೆಯನ್ನು ಕೈಬಿಟ್ಟು ಸರ್ಕಾರಿ ದಾಖಲೆಗಳಿಂದಲೇ ಎಣಿಸುವ ವಿಧಾನವನ್ನು ಪರೀಕ್ಷಿಸಲು 2021ರಲ್ಲೇ ಕಾಯ್ದೆ ಮಾಡಿದ್ದಾರೆ. ಅದೇ ವರ್ಷದ ಇನ್ನೊಂದು ಕಾಯ್ದೆ ತೆರಿಗೆ ಸಂಖ್ಯೆಯನ್ನು ಹಲವು ದಾಖಲೆಗಳ ಸಮಾನ ಗುರುತಾಗಿ ಮಾಡಿತು. ಒಬ್ಬರ ಹೆಸರು ನೋಂದಣಿಯಲ್ಲಿದ್ದು, ಸಂಬಳ, ಪಿಂಚಣಿ, ಭತ್ಯೆ, ವಿಶ್ವವಿದ್ಯಾಲಯ ಯಾವುದರಲ್ಲೂ ಸುಳಿವಿಲ್ಲದಿದ್ದರೆ ಅವರು ದೇಶ ಬಿಟ್ಟಿರಬಹುದು ಎಂದು ಯಂತ್ರ ಊಹಿಸಬಲ್ಲದು. ಉಬ್ಬಿದ ಲೆಕ್ಕ ಇದರಿಂದ ಇಳಿದೀತು. ಆದರೆ ಉಳಿತಾಯದಲ್ಲಿ ಬದುಕುತ್ತಾ ಖಾಸಗಿ ವಿಮೆ ಹೊಂದಿರುವವರು ಮನೆಯಲ್ಲಿದ್ದೂ ಕಾಣೆಯಾದವರ ಸಾಲಿಗೆ ಸೇರುವ ಅಪಾಯವಿದೆ. ಒಳಬಾಡಿಗೆಯ ಕೋಣೆಯಲ್ಲಿ ಎಲ್ಲಿಯೂ ಹೆಸರು ಬರೆಸದೆ ಇರುವವರಂತೂ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಅಂಥವರನ್ನು ಕಂಡುಹಿಡಿಯಲು ಬಾಗಿಲಿಗೆ ಹೋಗಿ ಕೇಳುವ ಗಣತಿದಾರರನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬೇಕು ಎಂಬುದು ಆ ವಿಧಾನ ಉತ್ತರಿಸಬೇಕಾದ ಪ್ರಶ್ನೆ.